ಕೊಂಬೆ ಇಳಿಸುವ ಡ್ರಮ್: ಮನೆಯಲ್ಲೇ ಮಾಡಿಕೊಳ್ಳುವವರಿಗೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿಸಬೇಕು ಅನ್ನುವ ಗಡಿಬಿಡಿಯಲ್ಲೂ ತೋಟದವರು, ಮರ ಹತ್ತುವವರು ಇಬ್ಬರೂ ಬಂದಿದ್ದೀರಿ. ತುಂಬಾ ಸಂತೋಷ.

ಕೆಳಗೆ ಕಾಫಿ ಗಿಡ, ಪಕ್ಕದಲ್ಲಿ ಹೆಂಚಿನ ಮನೆ. ಇಂಥ ಕಡೆ ಕೊಂಬೆಯನ್ನು ಕಡಿದು ಬೀಳಿಸಲು ಆಗುವುದಿಲ್ಲ, ಇಳಿಸಬೇಕು. ಅದಕ್ಕೆ ಮೇಲಿನ ಕವಲಿನಲ್ಲಿ ಒಂದು ರಾಟೆ, ಬುಡದಲ್ಲಿ ಹಗ್ಗ ಸುತ್ತುವ ಒಂದು ಡ್ರಮ್ ಬೇಕು. ಡ್ರಮ್ ಅಂದರೆ ಒಂದು ಪ್ಲೇಟಿಗೆ ಕೂರಿಸಿ, ಪಟ್ಟಿಯಿಂದ ಮರಕ್ಕೆ ಬಿಗಿದು ಕಟ್ಟುವ, ತಿರುಗದ ದಪ್ಪ ಪೈಪು. ಕಂಪನಿ ಡ್ರಮ್ಮಿಗೆ ದುಡ್ಡು ಜಾಸ್ತಿ. ಹಾಗಾಗಿ ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ತುಂಡಿನಿಂದ ಮಾಡಿಸಿಕೊಳ್ಳುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಬುಡದಲ್ಲಿ ಕೂತು ಮರದ ಭಾರ ಹಿಡಿಯುವ ಸಾಮಾನು ಮಾತ್ರ ನಾವು ಮಾಡಿಕೊಳ್ಳೋಣ. ಮನುಷ್ಯ ನೇತಾಡುವ ಬೆಲ್ಟು, ಕೊಕ್ಕೆ, ಹಗ್ಗ ಯಾವುದನ್ನೂ ಮನೆಯಲ್ಲಿ ಮಾಡಬೇಡಿ. ಇದರಲ್ಲಿ ನನ್ನದು ಚೂರೂ ಸಡಿಲವಿಲ್ಲದ ಮಾತು.

ಡ್ರಮ್ ಕೆಲಸ ಮಾಡುವುದು ಹೇಗೆ? ಹೋರಿ ಜಗ್ಗಿದಾಗ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿಯುತ್ತೇವಲ್ಲ, ಅದೇ ವಿದ್ಯೆ. 18ನೇ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞ ಇದರ ಲೆಕ್ಕ ಕೊಟ್ಟರು. ಸುತ್ತು ಹೆಚ್ಚಿದ ಹಾಗೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ನುಣ್ಣನೆಯ ಪೈಪಿನ ಮೇಲೆ ಹಗ್ಗದ ಘರ್ಷಣೆಯ ಗುಣಾಂಕ 0.2 ಅಂತ ಇಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು ಮೂರೂವರೆ ಪಟ್ಟು, ಎರಡಕ್ಕೆ 12 ಪಟ್ಟು, ಮೂರಕ್ಕೆ 40 ಪಟ್ಟಿಗೂ ಮೇಲೆ. 100 ಕೆಜಿ ತುಂಡನ್ನು ಎರಡು ಸುತ್ತು ಹಾಕಿ ಎಂಟೊಂಬತ್ತು ಕೆಜಿ ಬಲದಲ್ಲಿ ತಡೆಯಬಹುದು. ಮರದ ಬುಡಕ್ಕೇ ಸುತ್ತಿದರೂ ಹಿಡಿಯುತ್ತದೆ, ಆದರೆ ತೊಗಟೆಯನ್ನು ನಂಬುವಂತಿಲ್ಲ. ಒಂದು ಕಡೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆ ಜಾರುತ್ತದೆ. ಪೈಪಿನಲ್ಲಿ ಹಗ್ಗ ಒಂದೇ ಸಮ ಓಡುತ್ತದೆ.

ಪೈಪ್ ನಾಲ್ಕು ಇಂಚಿನದಿರಲಿ, ಕೆಂಪು ಬಣ್ಣದ ಗೆರೆ ಇರುವ ಸಿ ಕ್ಲಾಸ್, ಅಂದರೆ ದಪ್ಪ ಗೋಡೆಯದು, ಇರಲಿ. ಜಿಐ ಪೈಪಾದರೆ ವೆಲ್ಡ್ ಮಾಡುವ ಜಾಗದ ಸತುವಿನ ಲೇಪವನ್ನು ಮೊದಲು ತಿಕ್ಕಿ ತೆಗೆಸಿ. ಸತುವಿನ ಹೊಗೆ ಕುಡಿದರೆ ವೆಲ್ಡರಿಗೆ ಚಳಿ ಜ್ವರ ಬರುತ್ತದೆ, ವೆಲ್ಡೂ ಗಟ್ಟಿ ಕೂರುವುದಿಲ್ಲ. ಪ್ಲೇಟಿಗೂ ಪೈಪಿಗೂ ನಡುವೆ ಮೂರು ಮೂಲೆಯ ತುಂಡುಗಳನ್ನು ಆನಿಕೆಯಾಗಿ ಕೊಡಿಸಿ. ಮೊದಲ ಸುತ್ತು ಪ್ಲೇಟಿನ ಹತ್ತಿರವೇ ಬರಲಿ. ಪೈಪಿನ ತುದಿಯಲ್ಲಿ ಭಾರ ಬಿದ್ದರೆ ಅದು ಸನ್ನೆಕೋಲಾಗಿ ವೆಲ್ಡನ್ನೇ ಕೀಳುತ್ತದೆ.

ಈಗ ಬಹಳ ಜನ ಗಮನಿಸದ ಸಂಗತಿ. ತುಂಡು ಕೆಳಗೆ ಇಳಿಯುವಾಗ ಹಗ್ಗ ಡ್ರಮ್ಮನ್ನು ಯಾವ ಕಡೆಗೆ ಎಳೆಯುತ್ತದೆ? ಮೇಲಕ್ಕೆ! ಹಗ್ಗ ಮೇಲಿನ ರಾಟೆಯಿಂದ ಬಂದಿರುತ್ತದೆ, ಅಲ್ವಾ? ಮರ ಮೇಲೆ ಹೋದಂತೆ ಸಣ್ಣ. ಡ್ರಮ್ಮನ್ನು ಕಟ್ಟಿದ ಪಟ್ಟಿ ಒಂದು ಗೇಣು ಮೇಲೆ ಸರಿದರೂ ಸಡಿಲವಾಗುತ್ತದೆ. ಆದ್ದರಿಂದ ಎಳೆದಷ್ಟೂ ಬಿಗಿಯುವ ಗಂಟು ಹಾಕಿ. ಪೂರ್ತಿ ತೆಗೆಯುವ ಮರವಾದರೆ ಕಾಂಡದಲ್ಲಿ ಒಂದು ಸಣ್ಣ ಕಚ್ಚು ಮಾಡಿ, ಪ್ಲೇಟಿನ ಮೇಲಂಚು ಅದಕ್ಕೆ ತಾಗಿ ನಿಲ್ಲುವಂತೆ ಕಟ್ಟಿ.

ರಾಟೆ ಕಟ್ಟಿದ ಕವಲಿನ ಮೇಲೆ ತುಂಡಿನ ತೂಕದ ಸುಮಾರು ಎರಡು ಪಟ್ಟು ಭಾರ ಬೀಳುತ್ತದೆ. ತುಂಡು ಒಂದಷ್ಟು ಬಿದ್ದು ಗಕ್ಕನೆ ನಿಂತರೆ ಇನ್ನೂ ಹಲವು ಪಟ್ಟು. ಹಗ್ಗ ಹಿಡಿದವರು ಒಮ್ಮೆಲೇ ತಡೆಯಬಾರದು. ಸ್ವಲ್ಪ ಓಡಲು ಬಿಟ್ಟು ನಿಧಾನಕ್ಕೆ ನಿಲ್ಲಿಸಬೇಕು. ಕೈಗೆ ಮಾತ್ರ ಹಗ್ಗ ಸುತ್ತಿಕೊಳ್ಳಲೇಬೇಡಿ. ಇನ್ನು ಹಗ್ಗ. ಅಂಗಡಿಯಲ್ಲಿ ನೈಲಾನ್ ಅಂತ ಕೊಡುವುದು ಎಷ್ಟೋ ಸಲ ಪಾಲಿಪ್ರೊಪಿಲೀನ್ ಆಗಿರುತ್ತದೆ. ಅದು ಸುಮಾರು 165 ಡಿಗ್ರಿಗೇ ಕರಗುತ್ತದೆ. ಡ್ರಮ್ ಮೇಲೆ ವೇಗವಾಗಿ ಓಡಿದರೆ ಬಿಸಿಗೆ ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ಹಗ್ಗ ತೆಗೆದುಕೊಳ್ಳಿ, ಅದು 250 ಡಿಗ್ರಿವರೆಗೂ ಕರಗುವುದಿಲ್ಲ.

ಕಂಪನಿ ಡ್ರಮ್ ಮೇಲೆ ಎಷ್ಟು ಭಾರ ತಡೆಯುತ್ತದೆ ಅಂತ ಅಚ್ಚು ಇರುತ್ತದೆ. ನಮ್ಮದರ ಮೇಲೆ ಇರುವುದಿಲ್ಲ. ಅದನ್ನು ನಾವೇ ಪರೀಕ್ಷೆ ಮಾಡಬೇಕು. 50 ಕೆಜಿಯ ಆರು ಸಿಮೆಂಟ್ ಮೂಟೆ ಸೇರಿಸಿ ಕಟ್ಟಿ. ಚೈನ್ ಬ್ಲಾಕಿನಿಂದ (ಭಾರ ಎತ್ತುವ ಸರಪಳಿ ರಾಟೆ) ನೆಲ ಬಿಟ್ಟು ಅರ್ಧ ಅಡಿ ಎತ್ತಿ, ಭಾರವನ್ನು ಮೆಲ್ಲಗೆ ಹಗ್ಗಕ್ಕೆ ದಾಟಿಸಿ, ದೂರ ನಿಲ್ಲಿ. ಆಮೇಲೆ ವೆಲ್ಡಿನಲ್ಲಿ ಬಿರುಕು ಬಿಟ್ಟಿದೆಯಾ ನೋಡಿ. 300 ಕೆಜಿ ತಡೆದರೂ ಕೆಲಸದಲ್ಲಿ 100 ಕೆಜಿ ದಾಟಬೇಡಿ. ಒಂದಡಿ ದಪ್ಪ, ಒಂದು ಮೀಟರ್ ಉದ್ದದ ಹಸಿ ತುಂಡೇ ಸುಮಾರು 70 ಕೆಜಿ ತೂಗುತ್ತದೆ. ಸಣ್ಣ ಸಣ್ಣ ತುಂಡು ಮಾಡಿದರೆ ಅರ್ಧ ದಿನ ಜಾಸ್ತಿ ಹಿಡಿಯಬಹುದು. ತೋಟದ ಮಾಲೀಕರೇ, ಆ ಅರ್ಧ ದಿನದ ಕೂಲಿಯನ್ನು ದಯವಿಟ್ಟು ಖುಷಿಯಿಂದ ಕೊಡಿ. ಮೇಲೆ ಇರುವವರು ಅವಸರ ಮಾಡಬೇಕಾದ ಸ್ಥಿತಿ ತರಬೇಡಿ.

ಕರೆಂಟ್ ಲೈನ್ ಹತ್ತಿರದ ಮರಕ್ಕೆ ಇದ್ಯಾವುದೂ ಸಾಲದು. ಲೈನ್‌ಮನ್ ಬಂದು ಲೈನ್ ಆಫ್ ಮಾಡುವವರೆಗೆ ಮರ ಹತ್ತಬೇಡಿ.

ಹೊರಗೆ ಒಂದು ಡ್ರಮ್ ಕಟ್ಟಿಟ್ಟಿದ್ದೇವೆ. ಒಬ್ಬೊಬ್ಬರೇ ಬಂದು ಹಗ್ಗ ಬಿಟ್ಟು ನೋಡಿ. ಬಿಳಿ ಸುಣ್ಣದ ಗೆರೆಯ ಒಳಗೆ ಯಾರೂ ನಿಲ್ಲಬೇಡಿ.