ತೆರಿಗೆ ಎಷ್ಟು ಅನ್ನೋದು ಆಮೇಲೆ, ದುಡ್ಡು ಎಲ್ಲಿ ಹೋಯ್ತು ಹೇಳಿ

ಕೇಳುಗರಿಗೆಲ್ಲ ನಮಸ್ಕಾರ. ತೆರಿಗೆ ಜಾಸ್ತಿ ಮಾಡಿದ್ರೆ ಒಳ್ಳೆ ಆಸ್ಪತ್ರೆ, ಒಳ್ಳೆ ಶಾಲೆ ಬರುತ್ತಾ, ಬಡವರಿಗೆ ನ್ಯಾಯ ಸಿಗುತ್ತಾ ಅಂತ ಮಾತಾಡೋಕೆ ಕರೆದಿದ್ದಾರೆ. ಈ ವಿಷಯದಲ್ಲಿ ಒಬ್ಬರು ಜಾಸ್ತಿ ಹಾಕಿ ಅಂತಾರೆ, ಇನ್ನೊಬ್ಬರು ಕಮ್ಮಿ ಮಾಡಿ ಅಂತಾರೆ, ವರ್ಷಗಟ್ಟಲೆ ಇದೇ ಜಗಳ ಕೇಳಿ ನಂಗೂ ಸಾಕಾಗಿದೆ, ಕಟ್ಟಿದ ದುಡ್ಡು ಎಲ್ಲಿಗೆ ಹೋಗಿ ಮುಟ್ತು ಅಂತ ಕೇಳೋರೇ ಇಲ್ಲ. ನಾನು ಇವತ್ತು ಹೇಳೋದು ಅದೊಂದೇ, ದುಡ್ಡು ಎಲ್ಲಿ ಹೋಯ್ತು ಅಂತ ಕೇಳಿ.

ಡೆನ್ಮಾರ್ಕ್ ತಗೊಳ್ಳಿ. ದೇಶದ ಒಟ್ಟು ಆದಾಯದಲ್ಲಿ ಶೇ. 40ಕ್ಕಿಂತ ಜಾಸ್ತಿ ತೆರಿಗೆಗೇ ಹೋಗುತ್ತೆ, ಅಂಗಡೀಲಿ ಹೆಚ್ಚುಕಮ್ಮಿ ಏನೇ ತಗೊಂಡ್ರೂ ಶೇ. 25 ವ್ಯಾಟ್, ಅಂದ್ರೆ ಸಾಮಾನಿನ ಮೇಲಿನ ತೆರಿಗೆ, ದಿನಸಿಗೂ ಅಷ್ಟೇ. ಆದ್ರೂ ಜನ ಕಟ್ತಾರೆ, ಯಾಕಂದ್ರೆ ಡಾಕ್ಟರ್ ಹತ್ರ ಹೋದ್ರೆ ಫೀಸ್ ಇಲ್ಲ, ಮಗಳು ಯೂನಿವರ್ಸಿಟಿ ಸೇರಿದ್ರೆ ಫೀಸ್ ಇಲ್ಲ, ಕೊಟ್ಟಿದ್ದು ಮನೆಗೇ ವಾಪಸ್ ಬರ್ತಿರೋದು ಕಾಣುತ್ತೆ. ಫ್ರಾನ್ಸಲ್ಲೂ ತೆರಿಗೆ ಹೆಚ್ಚುಕಮ್ಮಿ ಇಷ್ಟೇ. ಅಲ್ಲಿ 2018ರಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿಸೋಕೆ ಹೊರಟಾಗ ಜನ ಹಳದಿ ಜಾಕೆಟ್ ಹಾಕ್ಕೊಂಡು ರಸ್ತೆಗಿಳಿದ್ರು, ಕೊಟ್ಟಿದ್ದು ವಾಪಸ್ ಬರ್ತಿದೆ ಅಂತ ಅವರಿಗೆ ಅನ್ನಿಸಿರ್ಲಿಲ್ಲ.

ಈಗ ಉಗಾಂಡದ ಕಥೆ ಹೇಳ್ತೀನಿ, ಇದನ್ನ ಹೇಳದೆ ನಂಗೆ ಸಮಾಧಾನ ಆಗಲ್ಲ. 1990ರ ದಶಕದ ಶುರುವಿನಲ್ಲಿ ಅಲ್ಲಿನ ಸರ್ಕಾರ ಪ್ರೈಮರಿ ಶಾಲೆಗಳಿಗೆ ಒಂದೊಂದು ಮಗುವಿನ ಲೆಕ್ಕದಲ್ಲಿ ಅನುದಾನ ಕೊಡ್ತಿತ್ತು, ಪುಸ್ತಕ, ಸೀಮೆಸುಣ್ಣ ಅಂಥ ಖರ್ಚಿಗೆ. ರಾಜಧಾನಿಯಿಂದ ದುಡ್ಡು ಹೊರಟಿದ್ದಕ್ಕೆ ಕಾಗದ ಪತ್ರ ಎಲ್ಲ ಪಕ್ಕಾ ಇತ್ತು. ಆದ್ರೆ ಶಾಲೆಗಳಲ್ಲಿ ಏನೂ ಬದಲಾವಣೆ ಕಾಣ್ತಿರ್ಲಿಲ್ಲ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು ಸಚಿವಾಲಯದ ಫೈಲ್ ಬಿಟ್ಟು ಶಾಲೆ ಶಾಲೆಗೇ ಹೋಗಿ ರಿಜಿಸ್ಟರ್ ತೆಗೆಸಿ ನೋಡಿದ್ರು. 1991ರಿಂದ 95ರವರೆಗೆ ಶಾಲೆಗೆ ತಲುಪಿದ್ದು ಸರಾಸರಿ ಶೇ. 13 ಮಾತ್ರ! ಉಳಿದಿದ್ದು ಮಧ್ಯದಲ್ಲಿ ಜಿಲ್ಲಾ ಮಟ್ಟದಲ್ಲೇ ನಿಂತು ಹೋಗಿತ್ತು. ಎಷ್ಟೋ ಶಾಲೆಗೆ ಒಂದು ಕಾಸೂ ಬಂದಿರ್ಲಿಲ್ಲ, ನಮಗೆ ಇಷ್ಟು ಬರಬೇಕಿತ್ತು ಅನ್ನೋದೇ ಹೆಡ್‌ಮಾಸ್ಟರ್‌ಗೂ ಗೊತ್ತಿಲ್ಲ, ತಂದೆ ತಾಯಿಗೂ ಗೊತ್ತಿಲ್ಲ. ನ್ಯಾಯದ ಮಾತು ಬಂತಲ್ಲ, ಅದನ್ನೂ ಕೇಳಿ, ಸ್ವಲ್ಪ ಅನುಕೂಲಸ್ಥರಿದ್ದ ಕಡೆ ಶಾಲೆಗಳು ಗಲಾಟೆ ಮಾಡಿ ಒಂದಷ್ಟು ತರಿಸ್ಕೊಂಡ್ವು, ತೀರಾ ಬಡವರ ಶಾಲೆಗಳಿಗೇ ಹೆಚ್ಚು ಮೋಸ ಆಯ್ತು.

ಆಮೇಲೆ ಸರ್ಕಾರ ಏನ್ ಮಾಡ್ತು? ಯಾವ ಜಿಲ್ಲೆಗೆ ಈ ತಿಂಗಳು ಎಷ್ಟು ಕಳಿಸಿದ್ದೀವಿ ಅಂತ ಪೇಪರಲ್ಲಿ ಹಾಕ್ಸಿದ್ರು, ರೇಡಿಯೋದಲ್ಲೂ ಓದಿಸಿದ್ರು, ಬಂದ ದುಡ್ಡಿನ ಲೆಕ್ಕ ಶಾಲೆಗಳಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸಬೇಕು ಅಂದ್ರು. 2001ರ ಹೊತ್ತಿಗೆ ಶೇ. 80ಕ್ಕೂ ಜಾಸ್ತಿ ತಲುಪೋಕೆ ಶುರುವಾಯ್ತು. ಗೋಡೆ ಮೇಲೆ ಒಂದು ಹಾಳೆ ರೀ, ಅಷ್ಟು ಮಾಡೋಕೆ ಏನು ಕಷ್ಟ ಹೇಳಿ! ಆ 13ರ ಕಾಲದಲ್ಲೇ ತೆರಿಗೆ ಡಬಲ್ ಮಾಡಿದ್ರೆ ಮಕ್ಕಳಿಗೆ ಏನ್ ಸಿಗ್ತಿತ್ತು? ಅದಕ್ಕೇ ಮತ್ತೆ ಮತ್ತೆ ಹೇಳೋದು, ದುಡ್ಡು ಎಲ್ಲಿ ಹೋಯ್ತು ಅಂತ ಮೊದಲು ಕೇಳಿ.

ಟೈಮ್ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ. ಯಾರ ಹತ್ರ ವಸೂಲಿ ಮಾಡ್ಬೇಕು ಅನ್ನೋದು ಬಾಕಿ ಉಳೀತು. ಬೇಗ ಹೇಳ್ಬಿಡ್ತೀನಿ, ಸಾಮಾನಿನ ಮೇಲಿನ ತೆರಿಗೆ ಸೋಪಿಗೆ ಶ್ರೀಮಂತನೂ ಅಷ್ಟೇ ಕೊಡ್ತಾನೆ, ಕೂಲಿಯವನೂ ಅಷ್ಟೇ ಕೊಡ್ತಾನೆ, ಹೊರೆ ಕೂಲಿಯವನಿಗೇ ಜಾಸ್ತಿ. ಆದಾಯ ತೆರಿಗೆ ಹಾಗಲ್ಲ, ದುಡಿಮೆ ಏರಿದ ಹಾಗೆ ಸ್ಲ್ಯಾಬೂ ಏರುತ್ತೆ. ಹಳೇ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾ ದೇಶದಲ್ಲಿ 2003ರ ಕ್ರಾಂತಿ ಆದ್ಮೇಲೆ 21 ಥರದ ತೆರಿಗೆಯನ್ನ 7ಕ್ಕೆ ಇಳಿಸಿ, ವಸೂಲಿಯಲ್ಲಿದ್ದ ಲಂಚ ನಿಲ್ಲಿಸಿದ್ದಕ್ಕೇ ಖಜಾನೆಗೆ ಮುಂಚೆಗಿಂತ ಜಾಸ್ತಿ ಬಂತು. ಅದರ ವಿವರ ಇನ್ನೊಂದ್ಸಲ ಕರೆದ್ರೆ ಹೇಳ್ತೀನಿ. ನಮಸ್ಕಾರ.