ಗಾಡಿ ನಿಲ್ಲಬೇಕಾದದ್ದು ಘಾಟಿನಲ್ಲಲ್ಲ, ಊರಿನಲ್ಲಿ

ನಮಸ್ಕಾರ, ಬೆಳಗಾವಿಯಿಂದ ಮಾತನಾಡುತ್ತಿದ್ದೇನೆ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ, ಮಳೆಗಾಲದಲ್ಲಿ ಜಲಪಾತ ನೋಡುವವರ ಗಾಡಿಗಳಿಂದ ಕಟ್ಟಿಕೊಳ್ಳುವ ಆಂಬೋಲಿ ಘಾಟಿನ ಬಗ್ಗೆ ಮಾಡಿದ್ದ ಹಿಂದಿನ ಸಂಚಿಕೆಗೆ ಬಂದ ಒಂದು ಪ್ರತಿಕ್ರಿಯೆ ಇಡೀ ವಾರ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಮನಾಲಿಗೆ ಹೋಗಿ ಹಿಮದಲ್ಲಿ ಸ್ಕೀಯಿಂಗ್ ಮಾಡಿ ಬಂದ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ರಸ್ತೆ ಅಗಲ ಮಾಡಿ, ಜಲಪಾತದ ಹತ್ತಿರವೇ ದೊಡ್ಡ ಪಾರ್ಕಿಂಗ್ ಕಟ್ಟಿ, ಜಾಮ್ ತಾನಾಗಿಯೇ ಹೋಗುತ್ತದೆ. ಹೊರದೇಶದ ಸ್ಕೀ ಊರುಗಳಲ್ಲಿ ಇಂಥ ಅವಸ್ಥೆ ಇರುವುದಿಲ್ಲ." ಈ ಮಾತಿಗೆ ಮೆಚ್ಚುಗೆಯೂ ಸಾಕಷ್ಟು ಬಿದ್ದಿರುವುದರಿಂದ ಸುಮ್ಮನೆ ಬಿಡಲು ನನಗೆ ಮನಸ್ಸಾಗಲಿಲ್ಲ. ಅದರಲ್ಲಿರುವ ಎರಡೂ ವಾಕ್ಯಗಳು ತಪ್ಪು.

ಬೆಟ್ಟದ ರಸ್ತೆಯಲ್ಲಿ ಜಾಮ್ ಹುಟ್ಟುವುದು ಓಡುವ ಗಾಡಿಗಳಿಗಿಂತ ಹೆಚ್ಚಾಗಿ ನಿಂತ ಗಾಡಿಗಳಿಂದ. ಆದ್ದರಿಂದ ಘಾಟ್ ಶುರುವಾಗುವುದಕ್ಕೆ ಮೊದಲೇ ಗಾಡಿಯನ್ನು ನಿಲ್ಲಿಸಿ, ಅಲ್ಲಿಂದ ಮುಂದೆ ಜನರನ್ನು ಬಸ್ಸಿನಲ್ಲಿ ಕರೆದೊಯ್ಯಬೇಕು. ಇದು ನನ್ನ ಇವತ್ತಿನ ಮಾತು, ಇದನ್ನು ಬಿಟ್ಟು ಬೇರೆ ಮಾತನ್ನು ನಾನು ಆಡುವುದಿಲ್ಲ.

ಮಳೆಗಾಲದ ಭಾನುವಾರ ವೆಂಗುರ್ಲಾ ರಸ್ತೆ ಹಿಡಿದು ಶಿನೋಳಿ ದಾಟಿ ಆಂಬೋಲಿಗೆ ಹೋದವರಿಗೆ ಅಲ್ಲಿನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಊರು ದಾಟಿ ಸಾವಂತವಾಡಿ ಕಡೆಗೆ ಇಳಿಯಲು ತೊಡಗಿದ ಮೇಲೆ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ. ಅದೇ ಅದರ ಸೊಬಗು, ಅದೇ ಅದರ ಸಂಕಟ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ತಡೆಗೋಡೆ, ಅದರಾಚೆ ಮಂಜು ತುಂಬಿದ ಕಣಿವೆ, ನಡುವೆ ಎರಡು ಗಾಡಿಗಳು ಎದುರುಬದುರಾಗಿ ಸಾಗುವಷ್ಟು ಡಾಂಬರು. ಆ ಡಾಂಬರಿನ ಎರಡೂ ಅಂಚುಗಳಲ್ಲಿ ಕಾರು, ಕ್ರೂಸರ್, ಟೆಂಪೋ ಟ್ರಾವೆಲರ್ ಸಾಲಾಗಿ ನಿಂತ ಮೇಲೆ ಉಳಿಯುವುದು ಒಂದೇ ಗಾಡಿಯ ಜಾಗ. ಅದರಲ್ಲೇ ಹತ್ತುವವರೂ ಇಳಿಯುವವರೂ ಹೋಗಬೇಕು. ಅದರಲ್ಲೇ ಯಾರೋ ಒಬ್ಬರು ರಿವರ್ಸ್ ತೆಗೆದು ಗಾಡಿ ತಿರುಗಿಸಲು ಹೊರಡುತ್ತಾರೆ.

ಅಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಕೆಂಪು ಬಸ್ಸಿನಿಂದ ಕಂಡಕ್ಟರ್ ಕೆಳಗಿಳಿದು, ಸುರಿಯುವ ಮಳೆಯಲ್ಲಿ, ನಿಂತಿದ್ದ ಕಾರುಗಳ ಪಕ್ಕದ ಕನ್ನಡಿಗಳನ್ನು ಒಂದೊಂದಾಗಿ ಒಳಕ್ಕೆ ಮಡಚುತ್ತ ನಡೆದರು. ಅವರು ಎರಡು ಕನ್ನಡಿ ಮಡಚಿದರೆ ಬಸ್ಸು ಎರಡು ಮಾರು ಮುಂದೆ ಬರುತ್ತಿತ್ತು. ಕ್ಲಚ್ ಸುಟ್ಟ ವಾಸನೆ ಇಡೀ ತಿರುವನ್ನು ತುಂಬಿತ್ತು. ಬಸ್ಸಿನ ಒಳಗೆ ಪ್ರವಾಸಿಗರು ಇರಲಿಲ್ಲ. ದವಾಖಾನೆಯ ಚೀಟಿ ಹಿಡಿದ ಮುದುಕರು, ಸಂತೆಯ ಚೀಲ ಹೊತ್ತ ಹೆಣ್ಣುಮಕ್ಕಳು ಇದ್ದರು. ಕಾರುಗಳ ಒಡೆಯರು ಕೆಳಗೆ ಸುಟ್ಟ ಗೋವಿನಜೋಳದ ತೆನೆ ತಿನ್ನುತ್ತ ನಿಂತಿದ್ದರು. ಆ ಕಾರುಗಳಲ್ಲಿ ಬಹುಪಾಲು ಕೆಎ 22, ಅಂದರೆ ಬೆಳಗಾವಿ ನೋಂದಣಿಯವು. ಆದ್ದರಿಂದ "ಆಂಬೋಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯದು, ನಮಗೇಕೆ ಚಿಂತೆ" ಎಂದು ಬರೆಯುವವರಿಗೆ ನನ್ನ ಉತ್ತರ ಇಷ್ಟೇ: ಘಾಟ್ ಅವರದಾಗಿರಬಹುದು, ಅದನ್ನು ಕಟ್ಟಿಹಾಕಿರುವ ಗಾಡಿ ನಮ್ಮದು.

ಈಗ ಆ ಹೊರದೇಶದ ಮಾತಿಗೆ ಬರುತ್ತೇನೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಮಗ್ಗುಲಲ್ಲಿ ಲಿಟಲ್ ಕಾಟನ್‌ವುಡ್ ಎಂಬ ಕಣಿವೆಯಿದೆ. ಅದರ ಒಳಗೆ ಸ್ನೋಬರ್ಡ್ ಮತ್ತು ಆಲ್ಟಾ ಎಂಬ ಎರಡು ಹೆಸರಾಂತ ಸ್ಕೀ ತಾಣಗಳಿವೆ, ಎರಡಕ್ಕೂ ಇರುವುದು ಒಂದೇ ರಸ್ತೆ. ಹೊಸ ಹಿಮ ಬಿದ್ದ ಬೆಳಿಗ್ಗೆ ಇಡೀ ನಗರ ಅತ್ತ ಹೊರಡುತ್ತದೆ, ಹಿಮಕುಸಿತದ ಭಯಕ್ಕೆ ರಸ್ತೆಯನ್ನು ಆಗಾಗ ಮುಚ್ಚಬೇಕಾಗುತ್ತದೆ, ಕಾರುಗಳ ಸಾಲು ಕಣಿವೆಯ ಬಾಯಿ ದಾಟಿ ಮನೆಗಳಿರುವ ಬೀದಿಗಳವರೆಗೂ ಬೆಳೆಯುತ್ತದೆ. ಆ ಸಾಲಿನ ಹಿಂಬದಿ ದೀಪಗಳನ್ನು ನೋಡಿ ಅಲ್ಲಿಯ ಜನ ಅದಕ್ಕೆ ಕೆಂಪು ಹಾವು ಎಂದು ಹೆಸರಿಟ್ಟಿದ್ದಾರೆ. ಹೊರದೇಶದಲ್ಲಿ ಹೀಗಾಗುವುದಿಲ್ಲ ಎನ್ನುವವರು ದಯವಿಟ್ಟು ಇದನ್ನು ಗಮನಿಸಬೇಕು. ಹಣಕ್ಕೆ ಕೊರತೆಯಿಲ್ಲದ ಆ ರಾಜ್ಯ ವರ್ಷಗಟ್ಟಲೆ ಅಧ್ಯಯನ ಮಾಡಿಸಿತು. ರಸ್ತೆಯ ಅಂಚನ್ನು ಅಗಲಗೊಳಿಸಿ ಬಸ್ಸಿಗೆ ಪ್ರತ್ಯೇಕ ದಾರಿ ಮಾಡುವ ಪ್ರಸ್ತಾವವೂ ಅದರ ಮುಂದಿತ್ತು. 2023ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಕೈಗೊಂಡ ತೀರ್ಮಾನವೆಂದರೆ ಮೊದಲು ಹೆಚ್ಚು ಬಸ್ಸು ಮತ್ತು ಕಾರುಗಳಿಗೆ ಟೋಲ್, ಆಮೇಲೆ ಸುಮಾರು 13 ಕಿಲೋಮೀಟರ್ ಉದ್ದದ ಗೊಂಡೊಲಾ, ಅಂದರೆ ತಂತಿಯ ಮೇಲೆ ಸಾಗುವ ಕೇಬಲ್ ಕಾರು. ಗೊಂಡೊಲಾ ಬೇಡವೆಂದು ಅಲ್ಲಿ ದೊಡ್ಡ ಜಗಳವೇ ಎದ್ದಿದೆ. ಆಲ್ಟಾದಲ್ಲಂತೂ ಸ್ಕೀ ಹಂಗಾಮಿನ ವಾರಾಂತ್ಯಗಳಲ್ಲಿ ಕಾರು ನಿಲ್ಲಿಸಲು ಮುಂಗಡವಾಗಿ ಜಾಗ ಕಾದಿರಿಸಿಕೊಳ್ಳಬೇಕು.

ಸ್ವಿಟ್ಜರ್ಲೆಂಡಿನ ಜರ್ಮಾಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿರುವ, ಜಗತ್ತಿನ ಸಿರಿವಂತರೆಲ್ಲ ಸ್ಕೀಯಿಂಗಿಗೆ ಬರುವ ಆ ಊರೊಳಗೆ ಪ್ರವಾಸಿಗರ ಪೆಟ್ರೋಲ್ ಡೀಸೆಲ್ ಕಾರುಗಳಿಗೆ ಪ್ರವೇಶವೇ ಇಲ್ಲ. ಸುಮಾರು 5 ಕಿಲೋಮೀಟರ್ ಕೆಳಗಿನ ಟೆಶ್ ಎಂಬ ಹಳ್ಳಿಯಲ್ಲಿ 2,000ಕ್ಕೂ ಹೆಚ್ಚು ಕಾರುಗಳು ಹಿಡಿಯುವ ಪಾರ್ಕಿಂಗ್ ಇದೆ. ಎಷ್ಟೇ ದೊಡ್ಡ ಮನುಷ್ಯರಾದರೂ ಅಲ್ಲಿ ಇಳಿದು, ಹೆಗಲಿಗೆ ಸ್ಕೀ ಏರಿಸಿಕೊಂಡು, ರೈಲಿನಲ್ಲಿ 12 ನಿಮಿಷ ಪ್ರಯಾಣಿಸಿ ಊರು ಸೇರುತ್ತಾರೆ. ನಮ್ಮ ದೇಶದ ಗುಲ್ಮಾರ್ಗ್‌ನಲ್ಲೂ ಹಿಮ ಬಿದ್ದಾಗ ಸಾಮಾನ್ಯ ಗಾಡಿಗಳನ್ನು ಕೆಳಗಿನ ಟಂಗಮಾರ್ಗ್‌ನಲ್ಲೇ ತಡೆಯುತ್ತಾರೆ. ಚಕ್ರಕ್ಕೆ ಸರಪಳಿ ಕಟ್ಟಿದ ಸ್ಥಳೀಯ ಗಾಡಿಗಳಲ್ಲಿ ಮೇಲೆ ಹೋಗಬೇಕು. ಎಲ್ಲ ಕಡೆಯೂ ಒಂದೇ ಪಾಠ: ಗಾಡಿ ಕೆಳಗಿರಲಿ, ಮನುಷ್ಯ ಮೇಲೆ ಹೋಗಲಿ.

ಪ್ರತಿಕ್ರಿಯೆ ಬರೆದವರು ಹೋಗಿಬಂದ ಮನಾಲಿಯನ್ನೇ ನೋಡೋಣ. ರೋಹ್ತಾಂಗ್ ಕಣಿವೆದಾರಿಗೆ ದಿನಕ್ಕೆ 800 ಪೆಟ್ರೋಲ್ ಮತ್ತು 400 ಡೀಸೆಲ್ ಪ್ರವಾಸಿ ವಾಹನಗಳಷ್ಟೇ ಹೋಗಬಹುದೆಂಬ ಮಿತಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಆದೇಶದಿಂದ ಬಂತು. 2020ರ ಅಕ್ಟೋಬರಿನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆಯಿತು. ಅದಕ್ಕಿಂತ ದೊಡ್ಡ, ಅದಕ್ಕಿಂತ ಒಳ್ಳೆಯ ರಸ್ತೆಯನ್ನು ಬೆಟ್ಟದಲ್ಲಿ ಯಾರು ಕಟ್ಟಿಯಾರು? ಆದರೂ 2024ರ ಡಿಸೆಂಬರಿನಲ್ಲಿ ಹಿಮ ಬಿದ್ದ ಸಂಜೆ ಮನಾಲಿ ಬಳಿಯ ಸೋಲಾಂಗ್ ಮತ್ತು ಸುರಂಗದ ನಡುವೆ ಸುಮಾರು 1,000 ವಾಹನಗಳು ಸಿಕ್ಕಿಕೊಂಡವು. ರಸ್ತೆ ದೊಡ್ಡದಾದಷ್ಟೂ ಬರುವ ಗಾಡಿಗಳೂ ಹೆಚ್ಚಾಗುತ್ತವೆ, ನಿಲ್ಲುವ ಜಾಗ ಮಾತ್ರ ಬೆಟ್ಟ ಕೊಟ್ಟಷ್ಟೇ. ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದ ದಾರಿಯಲ್ಲಿ 2022ರ ಜನವರಿಯಲ್ಲಿ ಹಿಮದ ನಡುವೆ ಕಾರುಗಳಲ್ಲೇ ಸಿಲುಕಿ 20ಕ್ಕೂ ಹೆಚ್ಚು ಜನ ಸತ್ತರು. ಹಿಮ ನೋಡಲೆಂದು ಮಕ್ಕಳನ್ನು ಕರೆದುಕೊಂಡು ಹೊರಟ ಕುಟುಂಬಗಳೂ ಅದರಲ್ಲಿದ್ದವು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಆಂಬೋಲಿಯಲ್ಲಿ ಗುಡ್ಡ ಕುಸಿಯುತ್ತದೆ, ಬಂಡೆ ಉರುಳುತ್ತದೆ. ಆ ಹೊತ್ತಿನಲ್ಲಿ ಆಂಬುಲೆನ್ಸ್ ಬರಬೇಕಾದ ದಾರಿಯಲ್ಲಿ ನಮ್ಮ ಕಾರು ನಿಂತಿರುತ್ತದೆ.

"ಪಾರ್ಕಿಂಗ್ ಕಟ್ಟಿ" ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕ. ಒಂದು ಕಾರು ನಿಂತು ಹೊರಡಲು 6 ಮೀಟರ್ ಉದ್ದ ಬೇಕೆಂದರೂ 200 ಕಾರುಗಳು 1,200 ಮೀಟರ್ ರಸ್ತೆಯಂಚನ್ನು ತಿನ್ನುತ್ತವೆ. ಕಾರಿಗೆ ನಾಲ್ವರಂತೆ ಅಷ್ಟರಲ್ಲಿ ಬಂದವರು 800 ಜನ. ಅದೇ 800 ಜನರನ್ನು ತರಲು 40 ಸೀಟಿನ ಬಸ್ಸಿನ 20 ಸುತ್ತು ಸಾಕು. ಬಸ್ಸು ಜಲಪಾತದ ಮುಂದೆ ನಿಂತು ಕಾಯಬೇಕಾಗಿಯೂ ಇಲ್ಲ, ಜನರನ್ನು ಇಳಿಸಿ ತಿರುಗಿ ಹೋಗುತ್ತದೆ. ಕಣಿವೆಯ ಅಂಚಿನಲ್ಲಿ ಗುಡ್ಡ ಕಡಿದು ಪಾರ್ಕಿಂಗ್ ಮಾಡಹೊರಟರೆ ಕಾಡೂ ಹೋಗುತ್ತದೆ, ಮರುವರ್ಷದ ಮಳೆಗೆ ಕುಸಿಯುವ ಮಣ್ಣೂ ಹೆಚ್ಚಾಗುತ್ತದೆ. ನಮ್ಮ ಸಂಕೇಶ್ವರದ ಮೂಲಕ ಹರಿದು ಘಟಪ್ರಭೆ ಸೇರುವ ಹಿರಣ್ಯಕೇಶಿ ಹುಟ್ಟುವುದು ಅದೇ ಆಂಬೋಲಿಯ ಕಾಡಿನಲ್ಲಿ ಎಂಬುದನ್ನು ಪಾರ್ಕಿಂಗ್ ಕೇಳುವವರು ಮರೆಯಬಾರದು.

ವಯಸ್ಸಾದವರು ಏನು ಮಾಡಬೇಕು ಎಂದು ಕೇಳುತ್ತಾರೆ. ಈಗ ಅವರು ಏನು ಮಾಡುತ್ತಿದ್ದಾರೆ ಎಂಬುದನ್ನು ಮೊದಲು ನೋಡಿ. ಕಾರು ಒಂದು ಕಿಲೋಮೀಟರ್ ದೂರದಲ್ಲಿ ನಿಂತಿರುತ್ತದೆ, ಅಜ್ಜಿ ಮಳೆಯಲ್ಲಿ, ಹಾರ್ನ್ ಬಾರಿಸುವ ಗಾಡಿಗಳ ನಡುವೆ, ಸೊಸೆಯ ಕೈ ಹಿಡಿದು ನಡೆಯುತ್ತಾರೆ. ಬಸ್ಸಾದರೆ ಜಲಪಾತದ ಮೆಟ್ಟಿಲ ಬುಡದಲ್ಲೇ ಇಳಿಸುತ್ತದೆ. ರಸ್ತೆ ತೆರಿಗೆ ಕಟ್ಟಿದ್ದೇವೆ ಎನ್ನುವವರಿಗೂ ಹೇಳುತ್ತೇನೆ, ತೆರಿಗೆ ಕಟ್ಟಿದ್ದು ರಸ್ತೆಯ ಮೇಲೆ ಓಡಲು, ಅದರ ಮೇಲೆ ಬಿಡಾರ ಹೂಡಲಿಕ್ಕಲ್ಲ. ಗಾಡಿ ತಡೆದರೆ ಅಂಗಡಿಯವರ ಹೊಟ್ಟೆಪಾಡು ಹೋಗುತ್ತದೆ ಎಂಬ ವಾದ ನನಗೆ ಅರ್ಥವೇ ಆಗುವುದಿಲ್ಲ. ಬಸ್ಸಿನಲ್ಲಿ ಬಂದವರಿಗೆ ಹಸಿವಾಗುವುದಿಲ್ಲವೇ?

ಇದು ನಮ್ಮ ಜನರಿಂದ ಸಾಧ್ಯವಿಲ್ಲ ಎಂಬ ಮಾತನ್ನಂತೂ ನಾನು ಕೇಳಲಾರೆ. ನಮ್ಮದೇ ರಾಜ್ಯದ ಗುಂಡ್ಲುಪೇಟೆಯ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳು ಬುಡದಲ್ಲೇ ನಿಲ್ಲುತ್ತವೆ, ಭಕ್ತರೆಲ್ಲ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗುತ್ತಾರೆ. ಮಹಾರಾಷ್ಟ್ರದ ಮಾಥೇರಾನ್‌ಗೆ ಹೋಗುವವರು ದಸ್ತುರಿ ನಾಕಾದಲ್ಲಿ ಕಾರು ಬಿಟ್ಟು ಮುಂದೆ ನಡೆಯುತ್ತಾರೆ. ಊಟಿ, ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಅಲ್ಲೆಲ್ಲ ಸಾಧ್ಯವಾದದ್ದು ಬೆಳಗಾವಿಯವರಿಗೆ ಏಕೆ ಸಾಧ್ಯವಿಲ್ಲ?

ಮಳೆಗಾಲದ ಶನಿವಾರ, ಭಾನುವಾರ ಆಂಬೋಲಿ ಊರಿನಲ್ಲೇ ಗಾಡಿಗಳನ್ನು ನಿಲ್ಲಿಸಬೇಕು. ಸಾವಂತವಾಡಿ ಕಡೆಯಿಂದ ಬರುವವರನ್ನು ಘಾಟಿನ ಬುಡದ ದಾನೋಳಿಯಲ್ಲಿ ತಡೆಯಬೇಕು. ನಡುವೆ ಬಸ್ಸು ಓಡಬೇಕು. ಗೋವಾಕ್ಕೋ ಸಾವಂತವಾಡಿಗೋ ಹೋಗುವ ಗಾಡಿಗಳು ಘಾಟಿನಲ್ಲಿ ನಿಲ್ಲದೆ ಸಾಗಬೇಕು, ನಿಂತರೆ ಸ್ಥಳದಲ್ಲೇ ದಂಡ ಬೀಳಬೇಕು. ಬೆಳಗಾವಿ ಮತ್ತು ಸಿಂಧುದುರ್ಗದ ಜಿಲ್ಲಾಡಳಿತಗಳು ಮೇ ತಿಂಗಳಲ್ಲೇ ಕುಳಿತು ಮಾತನಾಡಿದರೆ ಜೂನಿಗೆ ಇದನ್ನು ಆರಂಭಿಸಬಹುದು. ಇದನ್ನೇ ಒಂದು ಮನವಿಯಾಗಿ ಬರೆದು ಈ ವಿಡಿಯೊದ ಕೆಳಗೆ ಹಾಕಿದ್ದೇನೆ. ಓದಿ, ಒಪ್ಪಿಗೆಯಾದರೆ ನಿಮ್ಮ ಶಾಸಕರಿಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಕಳುಹಿಸಿ. ಚಾನೆಲ್ಲಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ. ಮುಂದಿನ ಸಂಚಿಕೆಯಲ್ಲಿ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟಿಗೆ ಹೋಗೋಣ.