ಅಭಿಪ್ರಾಯ ಇದೆ, ಪ್ರಶ್ನೆ ಎಲ್ಲಿ?

ನಮಸ್ಕಾರ. ಮೈಕ್ ಆನ್ ಇದ್ಯಾ? ಇದೆ. ಹೋದ ಸಂಚಿಕೇಲಿ ಅರ್ಧ ಗಂಟೆ ಮೂಕಾಭಿನಯ ಮಾಡಿದ್ದೆ, ಅದಕ್ಕೇ ಕೇಳಿದ್ದು.

ಇವತ್ತಿನ ವಿಷಯ ಬೇರೆ ಇತ್ತು. ಆದ್ರೆ ಬೆಳಗ್ಗೆ ಎದ್ದು ಒಂದು ಕಾಮೆಂಟ್ ಓದ್ದೆ, ತಲೆ ಕೆಟ್ಟೋಯ್ತು. ನೀವೂ ಕೇಳಿ. "ಸರ್, ನಂಗೆ ಜಿಯೋಪಾಲಿಟಿಕ್ಸ್ ಅಂದ್ರೆ ಪ್ರಾಣ. ದಿನಾ ಮೂರು ಗಂಟೆ ಯುದ್ಧದ ವಿಡಿಯೋ ನೋಡ್ತೀನಿ. ಎಲ್ಲಾ ದೇಶಗಳ ಬಗ್ಗೇನೂ ನಂಗೆ ಖಡಕ್ ಅಭಿಪ್ರಾಯ ಇದೆ. ಅದಕ್ಕೇ ಅಂತಾರಾಷ್ಟ್ರೀಯ ಸಂಬಂಧಗಳಲ್ಲಿ ಪಿಎಚ್‌ಡಿ ಮಾಡೋಣ ಅಂತಿದೀನಿ. ಟಾಪಿಕ್ ಒಂದು ನೀವೇ ಹೇಳ್ಬಿಡಿ."

ಹೇಳ್ಬಿಡಿ! ಹುಟ್ಟಿದ ಮಗೂಗೆ ಹೆಸರು ಕೇಳ್ದಂಗೆ.

ತಮ್ಮಾ, ವಿಶ್ವಸಂಸ್ಥೇಲಿ 193 ಸದಸ್ಯ ದೇಶ ಇದಾವೆ. 193ರ ಬಗ್ಗೇನೂ ನಿಂಗೆ ಅಭಿಪ್ರಾಯ ಇದೆ, ಸಂತೋಷ. ಪ್ರಶ್ನೆ ಎಷ್ಟಿದೆ? ಒಂದಿದ್ಯಾ? ಪಿಎಚ್‌ಡಿ ಮಾಡೋದು ಅಭಿಪ್ರಾಯ ಇರೋರಲ್ಲ. ಪ್ರಶ್ನೆ ಇರೋರು. ಇಷ್ಟೇ ನನ್ನ ಇವತ್ತಿನ ಮಾತು. ಇದನ್ನೇ ಇನ್ನು ಹತ್ತು ನಿಮಿಷ ಎಳೀತೀನಿ, ಬೇಜಾರಿದ್ರೆ ಸ್ಪೀಡ್ ಜಾಸ್ತಿ ಮಾಡ್ಕೊಳ್ಳಿ.

ನಾನೇನು ಸಾಚಾ ಅಲ್ಲ. ನನ್ನ ಮೊದಲ ಪ್ರಸ್ತಾವನೆ ಶೀರ್ಷಿಕೆ ಹೇಳ್ತೀನಿ, ನಗಬೇಡಿ. "ಬದಲಾಗುತ್ತಿರುವ ಜಾಗತಿಕ ವ್ಯವಸ್ಥೆಯಲ್ಲಿ ಸಣ್ಣ ರಾಷ್ಟ್ರಗಳ ಪಾತ್ರ: ಒಂದು ಅವಲೋಕನ." ನಮ್ಮ ಗೈಡ್ ಕನ್ನಡಕ ಹಣೆ ಮೇಲೆ ಏರಿಸಿ, ಪೆನ್ಸಿಲ್ ತಗೊಂಡು, "ಪಾತ್ರ" ಅನ್ನೋ ಪದದ ಕೆಳಗೆ ಎರಡು ಗೆರೆ ಎಳೆದ್ರು. "ಪಾತ್ರನೋ, ಪಾತ್ರೆನೋ? ಏನು ಬೇಕಾದ್ರೂ ಹಾಕ್ಬಹುದಲ್ಲಯ್ಯಾ ಇದರೊಳಗೆ" ಅಂದ್ರು. ಆಮೇಲೆ ಹಾಳೆ ತಿರುಗಿಸಿ, ಖಾಲಿ ಬದಿಯಲ್ಲಿ ದೊಡ್ಡದಾಗಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು ವಾಪಸ್ ಕೊಟ್ರು. "ಇದರ ಹಿಂದೆ ಏನು ಬರುತ್ತೆ ಅಂತ ಬರ್ಕೊಂಡು ಬಾ." ಏಳು ತಿಂಗಳು ಹಿಡೀತು ಸ್ವಾಮಿ. ಒಂದು ವಾಕ್ಯಕ್ಕೆ ಏಳು ತಿಂಗಳು.

ಪ್ರಶ್ನೆ ಅಂದ್ರೆ ಏನು ಅಂತ ಒಂದು ಸ್ಯಾಂಪಲ್ ಕೊಡ್ತೀನಿ. ನೀನು ದಿನಾ ಮೂರು ಗಂಟೆ ಯುದ್ಧ ನೋಡ್ತೀಯಲ್ಲ, ಯುದ್ಧ ಅಂದ್ರೇನು ಹೇಳು? 1963ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸಿಂಗರ್ ಅನ್ನೋರು ಯುದ್ಧಗಳನ್ನ ಎಣಿಸೋ ಒಂದು ಯೋಜನೆ ಶುರು ಮಾಡಿದ್ರು. ಎಣಿಸ್ಬೇಕು ಅಂದ್ರೆ ಗೆರೆ ಬೇಕಲ್ಲ? ಅವರು ಹಾಕ್ಕೊಂಡ ಗೆರೆ, ಕಾಳಗದಲ್ಲಿ 1,000 ಸಾವು. ಸರಿ, 1982ರಲ್ಲಿ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಬ್ರಿಟನ್, ಅರ್ಜೆಂಟೀನಾ ಹೊಡೆದಾಡಿದ್ದು ತಗೋ. ಬ್ರಿಟನ್ ಕಡೆ ಸತ್ತ ಸೈನಿಕರು 255, ಅರ್ಜೆಂಟೀನಾ ಕಡೆ 649. ಕೂಡು. 904. ಹಾಗಾದ್ರೆ ಅದು ಯುದ್ಧ ಹೌದೋ ಅಲ್ವೋ? ಪಟ್ಟೀಲಿ ಇಟ್ರೆ ನಿನ್ನ ಕೋಷ್ಟಕ ಒಂದು ಥರ ಬರುತ್ತೆ, ತೆಗೆದ್ರೆ ಇನ್ನೊಂದು ಥರ. ಇದರ ಮೇಲೆ ವಿದ್ವಾಂಸರು ಗಂಭೀರವಾಗಿ ಜಗಳ ಆಡಿದಾರೆ. ಪಿಎಚ್‌ಡಿ ಅಂದ್ರೆ ಈ ಜಗಳ. ಕ್ಷಿಪಣಿ ಹಾರೋ ಥಂಬ್‌ನೇಲ್ ಅಲ್ಲ. (ನನ್ನ ಥಂಬ್‌ನೇಲಲ್ಲೂ ಕ್ಷಿಪಣಿ ಇರುತ್ತೆ ಅಂತ ಯಾರೋ ಬರೀತೀರಿ, ಗೊತ್ತು. ಅದು ಎಡಿಟರ್ ತಪ್ಪು. ಎಡಿಟರ್ ನಾನೇ.)

ಇನ್ನೊಬ್ರು ಅದೇ ಕಾಮೆಂಟಿನ ಕೆಳಗೆ ಬಂದಿದಾರೆ. "ಕಿಸಿಂಜರ್ ಪಿಎಚ್‌ಡಿ ಮಾಡೇ ತಾನೇ ಅಮೆರಿಕದ ವಿದೇಶಾಂಗ ಮಂತ್ರಿ ಆಗಿದ್ದು?" ಹೂಂ ಆದ್ರು. ಹಾರ್ವರ್ಡ್‌ನಲ್ಲಿ 1954ರಲ್ಲಿ ಮುಗಿಸಿದ್ರು. ಯಾವುದರ ಮೇಲೆ? ಅಣುಬಾಂಬ್ ಮೇಲಾ? ಅಲ್ಲಪ್ಪ. ನೆಪೋಲಿಯನ್ ಸೋತ ಕಾಲದ ಯುರೋಪಿನಲ್ಲಿ ಆಸ್ಟ್ರಿಯಾದ ಮೆಟರ್ನಿಕ್, ಬ್ರಿಟನ್ನಿನ ಕಾಸಲ್‌ರೇ ಅನ್ನೋ ಇಬ್ರು ವಿದೇಶಾಂಗ ಮಂತ್ರಿಗಳು ಸೇರಿ ಶಾಂತಿ ಹೆಂಗೆ ಕಟ್ಟಿದ್ರು ಅಂತ. ಹೊರಗಡೆ ಶೀತಲ ಸಮರ ಕುದೀತಾ ಇದೆ, ಇವರು ನೋಡಿದ್ರೆ, ಸತ್ತು ಎಷ್ಟೋ ಕಾಲ ಆದೋರ ಕಾಗದ ಪತ್ರ ಓದ್ತಾ ಕೂತಿದ್ರು. ಆಮೇಲೆ ಅವರು ಮಾಡಿದ್ದನ್ನ ಬೈಯೋಕೆ ನನ್ನ ಹತ್ರ ಬೇರೆ ಸಂಚಿಕೆ ಇದೆ, ಸದಸ್ಯರಿಗೆ ಮಾತ್ರ, ಕೆಳಗೆ ಲಿಂಕ್ ಇದೆ.

ನಂಗೆ ನಿಜವಾಗ್ಲೂ ಇಷ್ಟವಾದೋರು ಅಂದ್ರೆ ಎಲಿನಾರ್ ಆಸ್ಟ್ರಮ್. ರಾಜ್ಯಶಾಸ್ತ್ರದವರು. ಅರ್ಥಶಾಸ್ತ್ರಕ್ಕೆ ಹೋಗೋಣ ಅಂದ್ರೆ ಗಣಿತ ಸಾಲದು ಅಂತ ಬಾಗಿಲು ಹಾಕಿದ್ರು. 1965ರಲ್ಲಿ ಪಿಎಚ್‌ಡಿ. ವಿಷಯ ಏನು? ಕ್ಯಾಲಿಫೋರ್ನಿಯಾದ ಒಂದು ಅಂತರ್ಜಲ. ಎಲ್ರೂ ಪೈಪೋಟಿ ಮೇಲೆ ನೀರು ಎತ್ತುತ್ತಾರೆ, ನೆಲದೊಳಗೆ ಸಮುದ್ರದ ಉಪ್ಪುನೀರು ನುಗ್ತಾ ಇದೆ, ಈ ಜನ ಕೂತು ಮಾತಾಡಿ ಅದನ್ನ ಹೆಂಗೆ ತಡೆದ್ರು? ಇಷ್ಟೇ ಪ್ರಶ್ನೆ. ಟೀವೀಲಿ ಯಾರೂ ಕರೆಯಲ್ಲ ಇದಕ್ಕೆ. 2009ರಲ್ಲಿ ಬಂತು ನೋಡಿ ನೊಬೆಲ್. ಯಾವುದರಲ್ಲಿ? ಬಾಗಿಲು ಹಾಕಿದ್ದ ಅದೇ ಅರ್ಥಶಾಸ್ತ್ರದಲ್ಲಿ! ಇದನ್ನ ಹೇಳುವಾಗೆಲ್ಲ ನಂಗೆ ಮೈ ಜುಂ ಅನ್ನುತ್ತೆ.

ಒಂದು ಬಾವಿ ನೀರಷ್ಟು ಪ್ರಶ್ನೆ ಸಾಕು. ನಿಂಗೆ ಸಮುದ್ರದಷ್ಟು ಅಭಿಪ್ರಾಯ ಇದೆ, ಕುಡಿಯೋಕೆ ಒಂದು ಲೋಟ ಇಲ್ಲ.

"ಆದ್ರೆ ಸರ್, ಮುಂದೆ ಏನಾಗುತ್ತೆ ಅಂತ ಹೇಳೋಕಾದ್ರೂ ಬರುತ್ತಲ್ಲ?" ಅಯ್ಯೋ. 1991ರಲ್ಲಿ ಸೋವಿಯತ್ ಒಕ್ಕೂಟವೇ ಕುಸಿದು ಬಿತ್ತು. ಅದನ್ನೇ ಜೀವನ ಪೂರ್ತಿ ಓದಿದ್ದ ಬಹುತೇಕ ಪಂಡಿತರು ನಮ್ಮ ನಿಮ್ಮ ಹಾಗೇ ಬಾಯಿ ಬಿಟ್ಕೊಂಡು ನೋಡಿದ್ರು. ಇನ್ನು ಇವತ್ತಿನ ಬ್ರೇಕಿಂಗ್ ನ್ಯೂಸ್ ಮೇಲೆ ಥೀಸಿಸ್ ಬರೀತೀನಿ ಅಂತೀಯಾ? ಬ್ರಿಟನ್ನಿನಲ್ಲಿ ಸರ್ಕಾರಿ ಕಡತ ಸಾಮಾನ್ಯವಾಗಿ ತೆರೆಯೋದೇ 20 ವರ್ಷ ಆದ್ಮೇಲೆ. ಮೊದಲು 30 ಇತ್ತು. ಕಾಯ್ತೀಯಾ?

ಮತ್ತೊಬ್ಬ: "ನಾನು ರಿಯಲಿಸ್ಟ್ ಸರ್, ಮುಖಕ್ಕೆ ಹೊಡೆದಂಗೆ ಮಾತಾಡ್ತೀನಿ." ರಿಯಲಿಸಂ ಅಂದ್ರೆ ಅದಲ್ಲ ಮಾರಾಯಾ! ದೇಶಗಳ ತಲೆ ಮೇಲೆ ಇನ್ನೊಂದು ಸರ್ಕಾರ ಇಲ್ಲ, ಆದ್ದರಿಂದ ಪ್ರತಿಯೊಂದೂ ತನ್ನ ಜೀವ ತಾನೇ ಕಾಯ್ಕೋಬೇಕು ಅನ್ನೋ ವಾದ ಅದು. ನೀನು ರಿಯಲಿಸ್ಟ್ ಅಲ್ಲ, ಒರಟ.

ಕೆಲಸ ಸಿಗುತ್ತಾ ಅಂತ ಕೇಳ್ತೀರಿ. ಗೊತ್ತಿತ್ತು ಕೇಳ್ತೀರಿ ಅಂತ. ಕಷ್ಟ ಇದೆ. ಮುಂದಕ್ಕೆ ಹೋಗೋಣ.

ಪ್ರಶ್ನೆ! ಪ್ರಶ್ನೆ ಇಲ್ದೆ ಸೇರಿದೋರನ್ನ ನಾನು ಕಣ್ಣಾರೆ ನೋಡಿದೀನಿ. ಮೊದಲನೇ ವರ್ಷ ಹೊಸ ಲ್ಯಾಪ್‌ಟಾಪ್. ಎರಡನೇ ವರ್ಷ ಗಡ್ಡ. ಮೂರನೇ ವರ್ಷ "ಇನ್ನೂ ಮುಗೀಲಿಲ್ವಾ?" ಅಂತ ಕೇಳೋ ನೆಂಟರ ಫೋನ್ ಎತ್ತಲ್ಲ. ನಾಲ್ಕನೇ ವರ್ಷ ಯೂಟ್ಯೂಬ್ ಚಾನೆಲ್ ಶುರು ಮಾಡ್ತಾರೆ.

...ಹಾಂ. ನಗಿ, ನಗಿ. ನನ್ನದು ಮುಗಿದಿದೆ, ಸರ್ಟಿಫಿಕೇಟ್ ಹಿಂದೆ ಗೋಡೇಲಿ ಇದೆ. ಕ್ಯಾಮೆರಾಗೆ ಕಾಣ್ತಾ ಇಲ್ಲ ಅಷ್ಟೇ.

ಇನ್ನೂ ಮೂರು ಪಾಯಿಂಟ್ ಬರ್ಕೊಂಡಿದ್ದೆ. ಒಂದು ಆಗ್ಲೇ ಹೇಳಿದೀನಿ. ಇನ್ನೊಂದು ನನ್ನ ಅಕ್ಷರ ನಂಗೇ ಅರ್ಥ ಆಗ್ತಿಲ್ಲ. ಮೂರನೇದು ಬರೀ "ಕೋಪ!" ಅಂತಿದೆ, ಅದು ಆಯ್ತು ಅನ್ಸುತ್ತೆ.

ತಮ್ಮಾ, ನಿನ್ನ ಟಾಪಿಕ್ ನಾನು ಹೇಳಲ್ಲ. ಕಾಮೆಂಟಲ್ಲಿ ನೀನೇ ಒಂದೇ ಒಂದು ವಾಕ್ಯ ಬರಿ, ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಇರ್ಲಿ. ಚೆನ್ನಾಗಿದ್ರೆ ಪಿನ್ ಮಾಡ್ತೀನಿ. "ಪಾತ್ರ" ಅಂತ ಪದ ಕಂಡ್ರೆ ಡಿಲೀಟ್. "ಒಂದು ಅವಲೋಕನ" ಅಂತ ಕಂಡ್ರೆ ಬ್ಲಾಕ್.